ಪಕ್ಕದ ಮನೆ ಮಗುವಿನ ತೂತು ತಾನೇ ಮುಚ್ಚಿಕೊಂಡಿತಂತೆ!

2025ರ ಜೂನ್-ಜುಲೈನಲ್ಲಿ ನಮ್ಮ ಹಾಸನ ಜಿಲ್ಲೆ ಎದೆ ಹಿಡಿದುಕೊಂಡೇ ಓಡಾಡಿತು. ಹರೆಯದ ಹುಡುಗರು ಹೃದಯಾಘಾತದಿಂದ ಹೋದರು ಎಂಬ ಸುದ್ದಿ ಬೆಳಗಾದರೆ ಒಂದು. ಮೈಸೂರಿನ ಜಯದೇವ ಆಸ್ಪತ್ರೆ ಮುಂದೆ ಹೊತ್ತು ಮೂಡುವ ಮೊದಲೇ ಸಾಲು. ಸರ್ಕಾರ ಜಯದೇವದ ಆಗಿನ ನಿರ್ದೇಶಕ ಡಾ. ಕೆ.ಎಸ್. ರವೀಂದ್ರನಾಥ್ ಅವರ ನೇತೃತ್ವದಲ್ಲಿ ಸಮಿತಿ ಮಾಡಿತು, ಹೆದರುವಂಥದ್ದೇನಿಲ್ಲ ಎಂದಿತು, ಜನ ನಿಧಾನಕ್ಕೆ ಮರೆತರು. ಆ ಸಾಲಿನಲ್ಲಿ ನಿಂತವರೆಲ್ಲ ಎದೆ ಚುಳ್ಳೆಂದರೆ ಬಾಯಿಬಿಟ್ಟು ಹೇಳಬಲ್ಲವರು. ತೊಟ್ಟಿಲಲ್ಲಿರುವ ಎರಡು ತಿಂಗಳ ಕೂಸಿಗೂ ಹೃದಯಾಘಾತ ಆಗಬಹುದು ಎಂದು ಆಗ ಯಾರಾದರೂ ಹೇಳಿದ್ದರೆ ಬೈಸಿಕೊಳ್ಳುತ್ತಿದ್ದರು. ಆಗುತ್ತದೆ ಕಣಮ್ಮ. ಬಲು ಅಪರೂಪಕ್ಕೆ, ಆದರೆ ಆಗುತ್ತದೆ. ಅಲ್ಲಿಗೆ ಆಮೇಲೆ ಬರುತ್ತೇನೆ.

ಹೊಳೆನರಸೀಪುರ, ಅರಕಲಗೂಡು ಕಡೆಯ ಆರೋಗ್ಯ ಕೇಂದ್ರಗಳಲ್ಲಿ ಊರೂರು ಸುತ್ತಿ, ನರ್ಸಮ್ಮ ಅನ್ನಿಸಿಕೊಂಡೇ ನಿವೃತ್ತಿಯಾದವಳು ನಾನು. ಈಗಲೂ ಯಾರದಾದರೂ ಬಾಣಂತಿ ಮನೆಗೆ ಹೋದರೆ ಕಣ್ಣು ಮೊದಲು ಕೂಸಿನ ಪಕ್ಕೆಲುಬಿನ ಮೇಲೆ ಹೋಗುತ್ತದೆ. ಹಳೇ ಚಾಳಿ. ಆದ್ದರಿಂದ ಚೊಚ್ಚಲು ಹೆತ್ತು ಕೂತಿರುವ ನಿನಗೆ, ಬಾಗಿಲ ಸಂದಿಯಲ್ಲಿ ಕೇಳಿಸಿಕೊಳ್ಳುತ್ತಿರುವ ನಿಮ್ಮತ್ತೆಗೂ ಸೇರಿಸಿ ನಾಲ್ಕು ಮಾತು ಹೇಳುತ್ತೇನೆ.

ಕೂಸಿಗೆ ಈ ಪ್ರಪಂಚದಲ್ಲಿ ಇರುವ ಒಂದೇ ಒಂದು ಮೈಮುರಿಯುವ ಕೆಲಸ ಹಾಲು ಚೀಪುವುದು. ದೊಡ್ಡವರ ಹೃದಯ ಸೋತಿದೆಯೋ ಇಲ್ಲವೋ ಎಂದು ಆಸ್ಪತ್ರೆಯಲ್ಲಿ ಪಟ್ಟಿಯ ಮೇಲೆ ಓಡಿಸಿ ನೋಡುತ್ತಾರಲ್ಲ, ಕೂಸಿನ ಆ ಪರೀಕ್ಷೆ ನಿನ್ನ ಮಡಿಲಲ್ಲೇ ದಿನಕ್ಕೆ ಎಂಟು ಹತ್ತು ಸಲ ನಡೆಯುತ್ತದೆ. ನೋಡುವ ಕಣ್ಣಿರಬೇಕು. ಎರಡು ಗುಟುಕು ಕುಡಿದು ಬಿಟ್ಟುಬಿಡುತ್ತದೆಯೇ? ಏದುಸಿರು ಬಿಡುತ್ತ ಮತ್ತೆ ಹಿಡಿಯುತ್ತದೆಯೇ? ಹಣೆಯ ಮೇಲೆ, ಕೂದಲ ಬುಡದಲ್ಲಿ ತಣ್ಣನೆ ಬೆವರು ಹನಿಗಟ್ಟುತ್ತದೆಯೇ? ಸೆಕೆಗೆ ಮೈಯೆಲ್ಲ ಬೆವರುವುದು ಬೇರೆ, ಮಾಗಿ ಚಳಿಯಲ್ಲಿ ಹಾಲು ಕುಡಿಯುವಾಗ ಮಾತ್ರ ತಲೆ ಒದ್ದೆಯಾಗುವುದು ಬೇರೆ. ಹತ್ತಿಪ್ಪತ್ತು ನಿಮಿಷದಲ್ಲಿ ಮುಗಿಯಬೇಕಾದ ಹಾಲು ಮುಕ್ಕಾಲು ಗಂಟೆಯಾದರೂ ಮುಗಿಯದೆ, ಹಸಿದುಕೊಂಡೇ ನಿದ್ದೆ ಹೋಗಿ, ಅರ್ಧ ಗಂಟೆಗೆ ಮತ್ತೆ ಅಳುತ್ತಿದ್ದರೆ ಅದನ್ನು ಹಟಮಾರಿ ಎನ್ನಬೇಡ.

ನಮ್ಮ ಕಡೆ ಇದಕ್ಕೆಲ್ಲ ಸಿದ್ಧ ಉತ್ತರ ಉಂಟು. ದೃಷ್ಟಿಯಾಗಿದೆ, ಬಾಲಗ್ರಹ, ತಾಯಿ ಹಾಲು ಒಗ್ಗುತ್ತಿಲ್ಲ, ತಾಯಿ ಕಡಲೆಬೇಳೆ ತಿಂದಳು. ದೃಷ್ಟಿ ತೆಗೆಯುವುದಕ್ಕೆ ನನ್ನ ಅಡ್ಡಿಯಿಲ್ಲ, ಉಪ್ಪು ಮೆಣಸಿನಕಾಯಿ ಒಲೆಗೆ ಹಾಕಲು ಎಷ್ಟು ಹೊತ್ತು ಬೇಕು? ಹೊಟ್ಟೆಯ ಮೇಲೆ ಬರೆ ಹಾಕಿಸುವುದಕ್ಕೆ ಮಾತ್ರ ಯಾರಾದರೂ ಹೊರಟರೆ ಬಾಗಿಲಿಗೆ ಅಡ್ಡ ನಿಂತುಕೋ. ಆಮೇಲೆ ಮಗುವನ್ನು ಎತ್ತಿಕೊಂಡು ಡಾಕ್ಟರ ಹತ್ತಿರ ಹೋಗು.

ಹೋಗುವ ಮೊದಲು ಮನೆಯಲ್ಲೇ ಮೂರು ಕೆಲಸ ಮಾಡಿಕೋ. ಮಗು ನಿದ್ದೆಯಲ್ಲಿರುವಾಗ ಅಂಗಿ ಎತ್ತಿ, ಗಡಿಯಾರ ಮುಂದಿಟ್ಟುಕೊಂಡು ಪೂರ್ತಿ ಒಂದು ನಿಮಿಷ ಉಸಿರು ಎಣಿಸು. ಎರಡು ತಿಂಗಳೊಳಗಿನ ಕೂಸಿಗೆ 60 ದಾಟಬಾರದು, ಎರಡು ತಿಂಗಳಿಂದ ವರ್ಷದವರೆಗೆ 50 ದಾಟಬಾರದು. ಕಾಲು ನಿಮಿಷ ಎಣಿಸಿ ನಾಲ್ಕರಿಂದ ಗುಣಿಸುವ ಜಾಣತನ ಬೇಡ, ಕೂಸುಗಳ ಉಸಿರು ನಡುನಡುವೆ ನಿಂತು ಓಡುತ್ತದೆ. ಪಕ್ಕೆ ಒಳಕ್ಕೆ ಸೆಳೆದುಕೊಳ್ಳುತ್ತಿದೆಯೇ ಅದನ್ನೂ ನೋಡು. ಎರಡನೆಯದು ತಾಯಿ ಕಾರ್ಡಿನಲ್ಲಿರುವ ತೂಕದ ಗೆರೆ. ಮೊದಲ ಮೂರು ತಿಂಗಳು ದಿನಕ್ಕೆ 25-30 ಗ್ರಾಂ ಏರಬೇಕು, ಐದು ತಿಂಗಳಿಗೆ ಹುಟ್ಟಿದಾಗಿನ ಎರಡರಷ್ಟಾಗಬೇಕು. ಆ ಗೆರೆ ಮಲಗಿಬಿಟ್ಟಿದ್ದರೆ ಅದು ನಿನ್ನ ಹಾಲಿನ ದೋಷವೇ ಆಗಬೇಕೆಂದಿಲ್ಲ. ಮೂರನೆಯದು ನಾಲಿಗೆ. ನಮ್ಮ ಮಕ್ಕಳ ಮೈಬಣ್ಣದಲ್ಲಿ ತುಟಿ ನೀಲಿಯೋ ಕಪ್ಪೋ ಗೊತ್ತಾಗುವುದಿಲ್ಲ, ಅಳುವಾಗ ನಾಲಿಗೆ, ಒಸಡು ನೋಡಬೇಕು. ಕೈಕಾಲು ಮಾತ್ರ ತಣ್ಣಗೆ ನೀಲಿಯಾದರೆ ಅದು ಚಳಿಗೂ ಆಗುತ್ತದೆ. ನಾಲಿಗೆ ನೀಲಿಯಾದರೆ ಚಳಿಯಲ್ಲ.

ಹೆರಿಗೆ ಆಸ್ಪತ್ರೆಯಲ್ಲೇ ಒಂದು ಮಾತು ಕೇಳಿಕೊಂಡು ಬರಬಹುದು. ಕೊರೊನಾ ಕಾಲದಲ್ಲಿ ಬೆರಳಿಗೆ ಸಿಕ್ಕಿಸುತ್ತಿದ್ದರಲ್ಲ ಪಲ್ಸ್ ಆಕ್ಸಿಮೀಟರ್, ಅದರ ಮಕ್ಕಳ ಪಟ್ಟಿಯನ್ನು ಹುಟ್ಟಿದ 24 ಗಂಟೆಯ ನಂತರ ಕೂಸಿನ ಬಲಗೈಗೆ ಒಂದು ಸಲ, ಒಂದು ಪಾದಕ್ಕೆ ಒಂದು ಸಲ ಹಾಕಿ ನೋಡುತ್ತಾರೆ. ಎರಡರಲ್ಲೂ 95ಕ್ಕಿಂತ ಕಡಿಮೆ ಬಂದರೆ, ಇಲ್ಲವೇ ಕೈಗೂ ಕಾಲಿಗೂ ಮೂರಕ್ಕಿಂತ ಹೆಚ್ಚು ವ್ಯತ್ಯಾಸ ಇದ್ದರೆ ಮತ್ತೆ ನೋಡುತ್ತಾರೆ, ಆಗಲೂ ಸರಿಹೋಗದಿದ್ದರೆ ಹೃದಯದ ಸ್ಕ್ಯಾನ್, ಅಂದರೆ ಎಕೋ. 90ಕ್ಕಿಂತ ಕೆಳಗಿದ್ದರೆ ಕಾಯುವ ಮಾತೇ ಇಲ್ಲ. ಸೂಜಿಯಿಲ್ಲ, ನೋವಿಲ್ಲ. ಮಗು ಯಾರ ಥರ ಇದೆ ಎಂದು ವಾದ ಮಾಡುವಷ್ಟು ಹೊತ್ತಿನಲ್ಲಿ ಮುಗಿಯುತ್ತದೆ.

ಸರಿ, ಎಕೋ ಆಯಿತು, ಹೃದಯದಲ್ಲಿ ತೊಂದರೆ ಇದೆ ಎಂದರು. ಅಸಲಿ ಕಷ್ಟ ಶುರುವಾಗುವುದು ಇಲ್ಲಿಂದ, ಅದೂ ಮನೆಯೊಳಗೆ. ಸಂಜೆಗೆ ಜಗಲಿ ತುಂಬ ಜನ. ಒಬ್ಬರು ಹೇಳುತ್ತಾರೆ, ‘ನಮ್ಮ ಪಕ್ಕದ ಮನೆ ಮಗುವಿಗೂ ತೂತಿತ್ತು, ತಾನೇ ಮುಚ್ಚಿಕೊಂಡಿತು, ಈಗ ಎತ್ತಿನ ಹಾಗೆ ಓಡಾಡುತ್ತಾನೆ.’ ಅವರು ಹೇಳುವುದು ಸುಳ್ಳಲ್ಲ, ಅದೇ ಅಪಾಯ. ಹೃದಯದ ಕೆಳ ಕೋಣೆಗಳ ನಡುವಿನ ಸಣ್ಣ ತೂತುಗಳು ಎಷ್ಟೋ ಮಕ್ಕಳಲ್ಲಿ ತಾವಾಗಿಯೇ ಮುಚ್ಚುತ್ತವೆ. ಸಾವಿರ ಹೆರಿಗೆಯಲ್ಲಿ ಎಂಟೊಂಬತ್ತು ಕೂಸಿಗೆ ಹುಟ್ಟಾ ಹೃದಯದೋಷ ಇರುತ್ತದೆ. ಅದರಲ್ಲಿ ಸುಮ್ಮನೆ ನೋಡಿಕೊಂಡಿದ್ದರೆ ಸಾಕು ಎನ್ನುವಂಥವು ಬೇಕಾದಷ್ಟಿವೆ. ಆದರೆ ನಿನ್ನ ಮಗುವಿನದು ಅದೇ ತೂತೇ, ಅಷ್ಟೇ ಅಗಲದ್ದೇ, ಅದೇ ಗೋಡೆಯದ್ದೇ? ಜಗಲಿಯ ಮೇಲೆ ಕೂತವರಿಗೆ ಎಲ್ಲವೂ ‘ತೂತು’. ಡಾಕ್ಟರಿಗೆ ಅದು ಬೇರೆ ಬೇರೆ ಕಾಯಿಲೆ, ಒಂದೊಂದಕ್ಕೆ ಒಂದೊಂದು ಗಡುವು.

ಈ ಗಡುವಿನ ಮಾತನ್ನೇ ನಾನು ನಿನಗೆ ಮುಖ್ಯವಾಗಿ ಹೇಳಬೇಕಿರುವುದು. ಮೇಲಿನ ಕೋಣೆಗಳ ನಡುವಿನ ತೂತಾದರೆ ಸಾಮಾನ್ಯವಾಗಿ ಎರಡು ನಾಲ್ಕು ವರ್ಷದ ತನಕ ಕಾಯಬಹುದು. ಕೆಳಗಿನದು ದೊಡ್ಡದಿದ್ದರೆ ಮೊದಲ ವರ್ಷದೊಳಗೇ ಮುಚ್ಚಬೇಕು. ಬಿಟ್ಟರೆ ಶ್ವಾಸಕೋಶದ ರಕ್ತನಾಳಗಳು ಗಡುಸಾಗಿ, ಮುಂದೊಂದು ದಿನ ಹಣ ಹಿಡಿದು ಹೋದರೂ ‘ಇನ್ನು ಮುಚ್ಚಿದರೆ ಅಪಾಯವೇ ಹೆಚ್ಚು’ ಎಂದು ವಾಪಸು ಕಳಿಸುತ್ತಾರೆ. ಮಕ್ಕಳನ್ನು ನೀಲಿಯಾಗಿಸುವ ಟೆಟ್ರಾಲಜಿ ಎಂಬ ದೋಷಕ್ಕೆ ಬಹುತೇಕ ಆರು ತಿಂಗಳಿಂದ ವರ್ಷದ ಆಸುಪಾಸು. ಶ್ವಾಸಕೋಶದಿಂದ ಬರುವ ಶುದ್ಧರಕ್ತದ ನಾಳಗಳು ಎಡಕ್ಕೆ ಸೇರುವ ಬದಲು ಬಲಕ್ಕೆ ಸೇರಿಬಿಟ್ಟಿದ್ದು, ದಾರಿಯಲ್ಲಿ ಅಡಚಣೆಯೂ ಇದ್ದರೆ ಅವತ್ತೇ. ಎರಡು ದೊಡ್ಡ ಧಮನಿಗಳು ಅದಲುಬದಲಾಗಿ ಹುಟ್ಟಿದ ಕೂಸಿಗೆ ಮೂರು ನಾಲ್ಕು ವಾರ. ಆಮೇಲೆ ಎಡ ಹೃದಯದ ಸ್ನಾಯು ಸೊರಗಿ, ದೇಹಕ್ಕೆಲ್ಲ ರಕ್ತ ನೂಕುವ ತಾಕತ್ತು ಕಳೆದುಕೊಂಡಿರುತ್ತದೆ. ಬ್ರೆಜಿಲ್‌ನ ಅದಿಬ್ ಜಾಟೆನೆ 1975ರಲ್ಲಿ ಆ ಧಮನಿಗಳನ್ನು ಕತ್ತರಿಸಿ ಅದಲುಬದಲು ಹೊಲಿದು ತೋರಿಸುವವರೆಗೆ ಅಂಥ ಮಕ್ಕಳಿಗೆ ಅಷ್ಟು ಸರಿಯಾದ ದಾರಿಯೇ ಇರಲಿಲ್ಲ. ಈಗ ಬೆಂಗಳೂರಿನಲ್ಲೇ ಮಾಡುತ್ತಾರೆ.

ಇನ್ನು ನಾನು ಮೊದಲು ಹೇಳಿದ ಕೂಸಿನ ಹೃದಯಾಘಾತ. ಅಲ್ಕಾಪಾ ಎನ್ನುತ್ತಾರೆ. ಮೂರು ಲಕ್ಷ ಹೆರಿಗೆಗೆ ಒಂದು. ನಮ್ಮ ಹಾಸನ ಜಿಲ್ಲೆಯ ಜನಸಂಖ್ಯೆಯೇ 2011ರ ಗಣತಿಯಲ್ಲಿ ಹದಿನೇಳೂಮುಕ್ಕಾಲು ಲಕ್ಷ. ಅಂದಮೇಲೆ ಇಡೀ ಜಿಲ್ಲೆಯಲ್ಲಿ ಹತ್ತಾರು ವರ್ಷಕ್ಕೊಂದು ಹುಟ್ಟಿದರೆ ಹೆಚ್ಚು. ತಾಲೂಕು ಆಸ್ಪತ್ರೆಯ ಡಾಕ್ಟರು ಇಡೀ ಸೇವಾವಧಿಯಲ್ಲಿ ಒಂದನ್ನೂ ನೋಡದೆ ಹೋದರೆ ಅವರ ತಪ್ಪಲ್ಲ.

ಹೃದಯವೂ ಮಾಂಸವೇ ತಾನೇ, ಅದಕ್ಕೂ ರಕ್ತ ಬೇಕು. ಅದಕ್ಕೆ ರಕ್ತ ಕೊಡುವ ಎರಡು ಕರೋನರಿ ನಾಳಗಳು ಮಹಾಧಮನಿಯ ಬುಡದಲ್ಲಿ ಕವಲೊಡೆಯಬೇಕು. ಈ ಕೂಸುಗಳಲ್ಲಿ ಎಡಗಡೆಯ ಕರೋನರಿ ತಪ್ಪಿ, ಶ್ವಾಸಕೋಶಕ್ಕೆ ಹೋಗುವ ಧಮನಿಯಿಂದ ಹುಟ್ಟಿರುತ್ತದೆ. ಹುಟ್ಟಿದ ಹೊಸತರಲ್ಲಿ ಆ ಧಮನಿಯಲ್ಲೂ ಒತ್ತಡ ಜಾಸ್ತಿ ಇರುವುದರಿಂದ ಹೇಗೋ ನಡೆಯುತ್ತದೆ. ಕೆಲವು ವಾರ ಕಳೆದು ಶ್ವಾಸಕೋಶ ಚೆನ್ನಾಗಿ ಅರಳಿ ಒತ್ತಡ ಇಳಿಯಿತೋ, ಎಡ ಕರೋನರಿಗೆ ನೂಕುವ ಬಲವೇ ಇಲ್ಲ. ಬಲಗಡೆಯ ಕರೋನರಿ ತನ್ನ ಪಾಲಿನದರಲ್ಲಿ ಒಂದಿಷ್ಟು ಕಳಿಸಿದರೂ ಅದು ಸ್ನಾಯುವಿಗೆ ಇಳಿಯುವ ಮೊದಲೇ ಹಿಮ್ಮುಖವಾಗಿ ಶ್ವಾಸಕೋಶದ ಕಡೆ ಜಾರಿಬಿಡುತ್ತದೆ. ಹೇಮಾವತಿ ನಾಲೆಯ ಏರಿ ಮೇಲೆಲ್ಲೋ ಒಡೆದು ನೀರು ಹಳ್ಳಕ್ಕೆ ಹರಿದುಹೋದರೆ ಕೊನೇ ಗದ್ದೆಯವನ ಪೈರು ಏನಾಗುತ್ತದೆ, ಅದೇ. ಎಡ ಹೃದಯ ಒಣಗುತ್ತ ಹೋಗುತ್ತದೆ. ಕೂಸು ಹಾಲು ಚೀಪುವ ಶ್ರಮಕ್ಕೆ ಅದರ ಎದೆ ನೋಯುತ್ತದೆ. ಬಿಳಿಚಿಕೊಂಡು, ಬೆವರಿ, ಕಿರಿಚಿ ಅಳುತ್ತದೆ. 1933ರಲ್ಲಿ ಬಾಸ್ಟನ್‌ನ ಬ್ಲಾಂಡ್, ವೈಟ್, ಗಾರ್ಲೆಂಡ್ ಎಂಬ ಮೂವರು ವೈದ್ಯರು ಮೂರು ತಿಂಗಳ ಕೂಸೊಂದರಲ್ಲಿ ಇದನ್ನೇ ಕಂಡು ಬರೆದಿಟ್ಟರು, ಆ ಕಾಯಿಲೆಗೆ ಅವರ ಹೆಸರೂ ಅಂಟಿಕೊಂಡಿದೆ. ಆ ಕೂಸಿಗೆ ಆಗ ಏನೂ ಮಾಡುವಂತಿರಲಿಲ್ಲ.

ಇಲ್ಲೊಂದು ಗುಟ್ಟಿದೆ, ಕಿವಿಯಲ್ಲಿ ಹಾಕಿಕೋ. ಇಂಥ ಕೂಸಿನ ಆಮ್ಲಜನಕದ ಅಂಕ ಸರಿಯಾಗಿಯೇ ಇರುತ್ತದೆ, ನಾಲಿಗೆಯೂ ನೀಲಿಯಾಗುವುದಿಲ್ಲ. ಎಕ್ಸ್‌ರೇಯಲ್ಲಿ ಹೃದಯ ದೊಡ್ಡದಾಗಿ ಕಾಣುತ್ತದೆ. ‘ಹೃದಯದ ಸ್ನಾಯುವೇ ದುರ್ಬಲ, ಮಾತ್ರೆ ಕೊಟ್ಟು ನೋಡೋಣ, ದೇವರಿದ್ದಾನೆ’ ಎಂದು ಕಳಿಸಿಬಿಡುವ ಸಂಭವ ಉಂಟು. ಆಗ ನೀನು ಕೇಳಬೇಕಾದ್ದು ಒಂದೇ ಪ್ರಶ್ನೆ: ‘ಎರಡೂ ಕರೋನರಿ ಸರಿಯಾದ ಜಾಗದಿಂದ ಹೊರಟಿವೆಯಾ ನೋಡಿದಿರಾ ಡಾಕ್ಟ್ರೇ?’ ಹಳ್ಳಿ ಹೆಣ್ಣುಮಗಳ ಬಾಯಲ್ಲಿ ಈ ಮಾತು ಕೇಳಿ ಅವರು ಒಂದು ಕ್ಷಣ ತಬ್ಬಿಬ್ಬಾದಾರು. ಆಗಲಿ. ಒಳ್ಳೆಯ ಡಾಕ್ಟರು ಮತ್ತೊಮ್ಮೆ ಎಕೋ ಹಿಡಿದು ನೋಡುತ್ತಾರೆ, ಇಲ್ಲವೇ ಸಿ.ಟಿ. ಬರೆಯುತ್ತಾರೆ. ಯಾಕೆಂದರೆ ಸ್ನಾಯು ತಾನಾಗಿ ದುರ್ಬಲವಾಗಿದ್ದರೆ ಔಷಧಿಯೇ ಗತಿ, ರಕ್ತ ಸಿಗದೆ ದುರ್ಬಲವಾಗಿದ್ದರೆ ಆಪರೇಷನ್ನಿನಿಂದ ಸರಿಹೋಗುತ್ತದೆ. ಆಪರೇಷನ್ ಇಲ್ಲದೆ ಇಂಥ ಹತ್ತು ಕೂಸುಗಳಲ್ಲಿ ಒಂಬತ್ತು ವರ್ಷ ತುಂಬುವುದಿಲ್ಲ.

ಆಪರೇಷನ್ ಎಂದರೆ, ಎದೆಯ ಮೂಳೆ ಬಿಡಿಸಿ, ರಕ್ತವನ್ನು ಹಾರ್ಟ್-ಲಂಗ್ ಮೆಷಿನ್ನಿಗೆ ತಿರುಗಿಸಿ, ಹೃದಯವನ್ನು ತಂಪು ಮಾಡಿ ನಿಲ್ಲಿಸುತ್ತಾರೆ. ಕೂಸಿನ ಹೃದಯ ಅದರ ಮುಷ್ಟಿಯಷ್ಟು. ಕರೋನರಿ ನಾಳದ ಅಗಲ ಎರಡು ಮಿಲಿಮೀಟರ್ ಆಸುಪಾಸು. ಅದನ್ನು ತಪ್ಪು ಜಾಗದಿಂದ ಸುತ್ತಲಿನ ಗೋಡೆಯ ಚೂರಿನ ಸಮೇತ ಗುಂಡಗೆ ಕತ್ತರಿಸಿ, ಮಹಾಧಮನಿಗೆ ಹೊಸ ಕಿಂಡಿ ಮಾಡಿ, ಕೂದಲಿಗಿಂತ ದಪ್ಪವಿಲ್ಲದ ದಾರದಲ್ಲಿ ಕನ್ನಡಕದ ಮೇಲೆ ಭೂತಗನ್ನಡಿ ಹಾಕಿಕೊಂಡು ಹೊಲಿಯುತ್ತಾರೆ. ರಕ್ತ ಸಿಕ್ಕ ಮೇಲೆ ಆ ಸೊರಗಿದ ಎಡ ಹೃದಯ ತಿಂಗಳೊಪ್ಪತ್ತಿನಲ್ಲಿ ಅಲ್ಲದಿದ್ದರೂ ತಿಂಗಳುಗಳಲ್ಲಿ ಚೇತರಿಸಿಕೊಳ್ಳುವುದಿದೆಯಲ್ಲ, ಅದಕ್ಕೆ ದೊಡ್ಡವರ ಹೃದಯ ಸಾಟಿಯಿಲ್ಲ. ದೊಡ್ಡವರಲ್ಲಿ ಸತ್ತ ಸ್ನಾಯು ಸತ್ತಂತೆ. ಕೂಸಿನಲ್ಲಿ ಬಹುಪಾಲು ಸ್ನಾಯು ಮಲಗಿರುತ್ತದೆ ಅಷ್ಟೇ, ಎಬ್ಬಿಸಿದರೆ ಏಳುತ್ತದೆ.

ದುಡ್ಡಿನ ಮಾತಿಗೆ ಬಾ. ನಿನ್ನ ಗಂಡ ಹೊಲ ಅಡವಿಡುವ ಮಾತಾಡುತ್ತಿದ್ದಾನಂತೆ. ಮೊದಲು ಕಾಗದ ಪತ್ರ ಜೋಡಿಸಲಿ. ಬಿ.ಪಿ.ಎಲ್. ಕಾರ್ಡಿನವರಿಗೆ ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕದಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಇದೆ. ತುರ್ತು ಅಲ್ಲದಿದ್ದರೆ ಸರ್ಕಾರಿ ಆಸ್ಪತ್ರೆಯಿಂದ ರೆಫರಲ್ ಬರೆಸಿಕೊಳ್ಳಬೇಕು, ಹಾಸನದ ಸರ್ಕಾರಿ ಆಸ್ಪತ್ರೆ ಹಿಮ್ಸ್‌ನಲ್ಲಿ ಮಕ್ಕಳ ವಿಭಾಗಕ್ಕೆ ಹೋಗಿ. ಅಂಗನವಾಡಿಗೆ ವರ್ಷಕ್ಕೆರಡು ಸಲ, ಸರ್ಕಾರಿ ಶಾಲೆಗೆ ಒಂದು ಸಲ ಜೀಪಿನಲ್ಲಿ ಬಂದು ಮಕ್ಕಳನ್ನು ನೋಡುವ ಡಾಕ್ಟರುಗಳ ತಂಡ ಇದೆಯಲ್ಲ, ಅದು 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ್ದು, ಹುಟ್ಟಾ ಹೃದಯದೋಷ ಅವರ ಪಟ್ಟಿಯಲ್ಲೇ ಇದೆ. ಆಶಾ ಕಾರ್ಯಕರ್ತೆಗೆ ಹೇಳಿದರೆ ಅವರ ಫೋನ್ ಸಿಗುತ್ತದೆ. ಜಯದೇವದಲ್ಲಿ ಚಿಕಿತ್ಸೆ ಮೊದಲು, ಹಣ ಆಮೇಲೆ ಎಂಬ ರೂಢಿಯನ್ನು ತಂದವರು ವರ್ಷಗಟ್ಟಲೆ ಅದರ ನಿರ್ದೇಶಕರಾಗಿದ್ದ ನಮ್ಮ ಚನ್ನರಾಯಪಟ್ಟಣ ತಾಲೂಕಿನವರೇ ಆದ ಡಾ. ಸಿ.ಎನ್. ಮಂಜುನಾಥ್. ವೈಟ್‌ಫೀಲ್ಡ್‌ನ ಸತ್ಯಸಾಯಿ ಆಸ್ಪತ್ರೆ 2001ರಿಂದ ಬಿಲ್ಲಿನ ಕೌಂಟರೇ ಇಲ್ಲದೆ ನಡೆಯುತ್ತಿದೆ. ಮಗುವಿನ ಜನನ ಪ್ರಮಾಣಪತ್ರ ಮಾಡಿಸಿ, ಹೆಸರನ್ನು ರೇಷನ್ ಕಾರ್ಡಿಗೆ ಬೇಗ ಸೇರಿಸಿ. ‘ನಾಮಕರಣ ಆಗಲಿ’ ಎಂದು ಕಾಯುವುದು ನಮ್ಮ ಕಡೆಯ ದೊಡ್ಡ ರೋಗ.

ಬೆಂಗಳೂರು ದೂರ ಎನ್ನುತ್ತಾರೆ ಮಾವ. 2003ರ ಜುಲೈಯಲ್ಲಿ ಲಾಹೋರ್-ದೆಹಲಿ ಬಸ್ಸು ಮತ್ತೆ ಶುರುವಾದಾಗ ಮೊದಲ ಬಸ್ಸಿನಲ್ಲೇ ಎರಡೂವರೆ ವರ್ಷದ ಒಂದು ಪಾಕಿಸ್ತಾನಿ ಹೆಣ್ಣು ಮಗು ಬಂದು, ಬೊಮ್ಮಸಂದ್ರದ ನಾರಾಯಣ ಹೃದಯಾಲಯದಲ್ಲಿ ಹೃದಯದ ತೂತುಗಳನ್ನು ಮುಚ್ಚಿಸಿಕೊಂಡು ಹೋಯಿತು. ಎರಡು ದೇಶದ ಪತ್ರಿಕೆಗಳಲ್ಲೂ ಬಂತು. ಚನ್ನರಾಯಪಟ್ಟಣಕ್ಕೆ 2017ರಿಂದ ಬೆಂಗಳೂರಿನ ರೈಲಿದೆ, ಹೊಳೆನರಸೀಪುರದಿಂದ ಮೈಸೂರಿಗೆ ಹಳೆಯ ರೈಲಿದೆ. ಅರಕಲಗೂಡಿನವರಿಗೆ ರೈಲಿಲ್ಲ, ನಿಜ. ಹಾಸನದವರೆಗೆ ಬಸ್ಸು ಹತ್ತಬೇಕು. ಅದೇನು ಲಾಹೋರಲ್ಲವಲ್ಲ.

ದುಡ್ಡು, ದೂರ ಎರಡೂ ತೀರಿದ ಮೇಲೆ ಮೂರನೆಯದು ತಲೆ ಎತ್ತುತ್ತದೆ. ಆಲೂಗಡ್ಡೆ ಬಿತ್ತನೆ ಮುಗಿಯಲಿ, ಹೊಗೆಸೊಪ್ಪು ರಾಮನಾಥಪುರದ ಹರಾಜಿಗೆ ಹೋಗಲಿ, ಆಷಾಢ ಕಳೆಯಲಿ, ಷಷ್ಠಿಗೆ ಹರಕೆ ತೀರಿಸಿ ಆಮೇಲೆ ಹೋಗೋಣ. ಹರಕೆಯನ್ನು ಸುಬ್ರಹ್ಮಣ್ಯ ಆಮೇಲೂ ತೆಗೆದುಕೊಳ್ಳುತ್ತಾನೆ, ಅವನಿಗೆ ಆತುರವಿಲ್ಲ. ಡಾಕ್ಟರು ಕೊಟ್ಟ ತಾರೀಕನ್ನು ಬಿಟ್ಟರೆ ಆ ಸಾಲಿನಲ್ಲಿ ಹಿಂದಿನ ಕೂಸು ಮುಂದಕ್ಕೆ ಬರುತ್ತದೆ, ನಿಮ್ಮದು ಕೊನೆಗೆ. ತಾರೀಕು ಕೈತಪ್ಪುವ ಇನ್ನೊಂದು ದಾರಿ ನೆಗಡಿ. ಮಗುವಿಗೆ ಕೆಮ್ಮು ಜ್ವರ ಇದ್ದರೆ ಆಪರೇಷನ್ ಮುಂದಕ್ಕೆ ಹಾಕುತ್ತಾರೆ. ಆದ್ದರಿಂದ ಹೊರಡುವ ಮುಂಚಿನ ವಾರ ಹತ್ತು ಮನೆಯವರು ಬಂದು ಮಗುವಿನ ಕೆನ್ನೆ ಹಿಂಡಿ ಕಣ್ಣೀರು ಹಾಕುವ ಕಾರ್ಯಕ್ರಮ ಬೇಡ. ಅಂಥವರನ್ನು ರಕ್ತ ಕೊಡಲು ಕಳಿಸು, ಆಸ್ಪತ್ರೆಯವರು ಹೇಗೂ ಕೇಳುತ್ತಾರೆ.

ಐ.ಸಿ.ಯು.ನಲ್ಲಿ ಮೊದಲ ಸಲ ಮಗುವನ್ನು ನೋಡಲು ಒಳಗೆ ಬಿಟ್ಟಾಗ ಗಟ್ಟಿಯಾಗಿರು. ಬಾಯಲ್ಲಿ ಉಸಿರಿನ ಕೊಳವೆ, ಕುತ್ತಿಗೆಯಲ್ಲಿ ಒಂದು, ಎದೆಯ ಕೆಳಗೆ ರಕ್ತ ಬಸಿಯುವ ನಳಿಕೆಗಳು, ಮುಖ ಊದಿರುತ್ತದೆ, ಕೈಕಾಲು ಅಲುಗದಂತೆ ಪಟ್ಟಿ. ಕೆಲವು ಕೂಸುಗಳ ಎದೆಯನ್ನು ಒಂದೆರಡು ದಿನ ಮುಚ್ಚದೆಯೇ ಇಟ್ಟಿರುತ್ತಾರೆ, ಊತ ಇಳಿಯಲಿ ಅಂತ. ಇದನ್ನು ಮೊದಲೇ ಯಾರೂ ಹೇಳಿರುವುದಿಲ್ಲ, ಅಪ್ಪಂದಿರು ಬಾಗಿಲಲ್ಲೇ ಕುಸಿದು ಕೂರುತ್ತಾರೆ. ನೀನು ಕೈ ತೊಳೆದು, ಕೂಸಿನ ಅಂಗಾಲು ಮುಟ್ಟು. ಬೆಚ್ಚಗಿದ್ದರೆ ರಕ್ತ ಅಲ್ಲಿಯವರೆಗೆ ಬರುತ್ತಿದೆ ಎಂದರ್ಥ. ನರ್ಸ್‌ಗಳೂ ಅದನ್ನೇ ಮುಟ್ಟಿ ನೋಡುತ್ತಿರುತ್ತಾರೆ. ಹಾಲು ಹಿಂಡಿ ಕೊಡು, ಕೊಳವೆಯಲ್ಲಿ ಹಾಕುತ್ತಾರೆ. ಎಲ್ಲ ಕೂಸೂ ಉಳಿಯುತ್ತದೆ ಎಂದು ನಾನು ಹೇಳಲಾರೆ, ಹಾಗೆ ಭಾಷೆ ಕೊಡುವವರನ್ನು ನಂಬಲೂ ಬೇಡ.

ಮನೆಗೆ ಬಂದ ಮೇಲೆ ಆರು ವಾರ ಕಂಕುಳಿಗೆ ಕೈ ಹಾಕಿ ಎತ್ತಬಾರದು, ಎದೆಮೂಳೆ ಕೂಡಬೇಕು. ಒಂದು ಕೈ ತಲೆಯ ಕೆಳಗೆ, ಒಂದು ಕೈ ಅಂಡಿನ ಕೆಳಗೆ. ಜ್ವರ ಬಂದರೆ, ಗಾಯ ಕೆಂಪಾದರೆ ಫೋನ್. ಚುಚ್ಚುಮದ್ದನ್ನು ‘ಹೃದಯದ ಮಗು’ ಎಂದು ತಪ್ಪಿಸಬೇಡ, ಯಾವಾಗ ಹಾಕಿಸಬೇಕೆಂದು ಕೇಳಿ ಹಾಕಿಸು. ಆರು ತಿಂಗಳಾಗಿದ್ದರೆ ರಾಗಿ ಸರಿ, ತುಪ್ಪ. ಹಲ್ಲು ಬಂದ ಮೇಲೆ ದಿನಾ ಉಜ್ಜಿಸು. ಹುಳುಕು ಹಲ್ಲಿನ ಸೋಂಕು ರಕ್ತದಲ್ಲಿ ಹೋಗಿ ಹೃದಯಕ್ಕೆ ಅಂಟುತ್ತದೆ. ಆಮೇಲೆ ಓಡಲಿ, ಬೀಳಲಿ. ಡಾಕ್ಟರು ಬೇಡ ಎನ್ನದ ಹೊರತು ಶಾಲೆಯ ಆಟದಿಂದ ಕೂರಿಸಬೇಡ.

ಜಗಲಿಯವರು ಇನ್ನೊಂದು ತೀರ್ಪು ಕೊಟ್ಟೇ ಕೊಡುತ್ತಾರೆ, ‘ಸೊಸೆ ಕಡೆಯಿಂದ ಬಂದದ್ದು.’ ನಿನ್ನ ಗಂಡ ನಿನ್ನ ಸೋದರಮಾವನೇ ತಾನೇ? ಹಾಗಾದರೆ ಎರಡು ಕಡೆಯೂ ಒಂದೇ ಕಡೆ! ತಮಾಷೆಯಲ್ಲ, ರಕ್ತಸಂಬಂಧದ ಮದುವೆಯಲ್ಲಿ ಹೃದಯದೋಷ ಹೆಚ್ಚು ಎಂದು ಮೈಸೂರು ವಿಶ್ವವಿದ್ಯಾಲಯದವರೇ 2006ರಲ್ಲಿ ಬರೆದಿದ್ದಾರೆ. ಆದರೆ ಆಗಿಹೋದ ಮದುವೆಯನ್ನು ಎತ್ತಿ ಆಡಿ ಯಾರಿಗೇನು ಲಾಭ? ಮುಂದಿನ ಬಸುರಿನಲ್ಲಿ 18-22 ವಾರದ ನಡುವೆ ಕೂಸಿನ ಹೃದಯದ ಎಕೋ ಮಾಡಿಸಿಕೋ. ಮತ್ತೆ ಅದೇ ಆಗುವ ಸಂಭವ ನೂರಕ್ಕೆ ಎರಡರಿಂದ ಐದು, ಹೆಚ್ಚೇನಲ್ಲ. ಇದ್ದದ್ದು ಮೊದಲೇ ಗೊತ್ತಾದರೆ ಹೆರಿಗೆಯನ್ನೇ ದೊಡ್ಡ ಆಸ್ಪತ್ರೆಯಲ್ಲಿ ಮಾಡಿಸಬಹುದು.

ಕೊನೆಗೆ, ನಿನ್ನದು ಹೆಣ್ಣು ಮಗು ಅಂತ ನಾನಿದನ್ನು ಬಿಡದೆ ಹೇಳಬೇಕು. ‘ಎದೆ ಮೇಲೆ ಗೆರೆ ಉಳಿಯುತ್ತದೆ, ನಾಳೆ ಯಾರು ಮಾಡಿಕೊಳ್ಳುತ್ತಾರೆ’ ಎಂದು ಹೆಣ್ಣು ಮಕ್ಕಳ ಆಪರೇಷನ್ನನ್ನು ತಳ್ಳುತ್ತ ಹೋದವರನ್ನು ಕಂಡಿದ್ದೇನೆ. ಅದೇ ಮನೆಯಲ್ಲಿ ಗಂಡಾಗಿದ್ದರೆ ಅಷ್ಟು ಹೊತ್ತಿಗೆ ಹೊಲ ಮಾರಿರುತ್ತಿದ್ದರು. ಆಪರೇಷನ್ ಆದವರೂ ಫೈಲನ್ನು ಅಟ್ಟಕ್ಕೆ ಹಾಕಿ, ಸಂಬಂಧ ಕೇಳಿ ಬಂದವರ ಮುಂದೆ ಬಾಯಿ ಬಿಡುವುದಿಲ್ಲ. ನೀನು ಹಾಗೆ ಮಾಡದೆ, ನಿನ್ನ ಮಗಳ ಫೈಲಿನಲ್ಲಿರುವ ಆಪರೇಷನ್ ಟಿಪ್ಪಣಿಯ ಎರಡು ಜೆರಾಕ್ಸ್ ಮಾಡಿಸು, ಫೋನಿನಲ್ಲೂ ಫೋಟೋ ಹಿಡಿದಿಡು. ಇಪ್ಪತ್ತೆರಡು, ಇಪ್ಪತ್ತಮೂರಕ್ಕೆ ಆ ಹುಡುಗಿ ಬಸುರಿಯಾದಾಗ, ಹೃದಯದ ಮೇಲೆ ಬೀಳುವ ಭಾರ ಅರ್ಧಕ್ಕರ್ಧ ಹೆಚ್ಚುತ್ತದೆ. ಆಗ ಡಾಕ್ಟರು ಮೊದಲು ಕೇಳುವುದು ಯಾವ ನಾಳವನ್ನು ಎಲ್ಲಿಗೆ ಹೊಲಿದಿದ್ದರು ಎಂಬುದನ್ನೇ.